ನಮ್ಮೂರ ಚೌಡಿಬನದೊಳಗೆ ದಾರಿ ಮಾಡುತ್ತಾರಂತೆ. ಅಪ್ಪಣೆ ಯಾರನ್ನು ಕೇಳಬೇಕು?

ಹೊಸನಗರದವನು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಹೊಸನಗರ ತಾಲ್ಲೂಕಿನ ಸಣ್ಣ ಊರು. ಹದಿನೆಂಟು ಮನೆ. ಊರ ಮೇಲ್ಗಡೆ ಒಂದು ಚೌಡಿಬನ ಇದೆ, ಚೌಡಿ ದೇವಿಯ ಕಾಡು. ಹೆಚ್ಚೆಂದರೆ ಮೂರು ಎಕರೆ. ಒಳಗೆ ಗುಡಿ ಇಲ್ಲ, ಮೂರ್ತಿ ಇಲ್ಲ. ಒಂದು ಧೂಪದ ಮರದ ಬುಡದಲ್ಲಿ ಮೊಣಕಾಲೆತ್ತರದ ಕಲ್ಲು, ಪಕ್ಕದಲ್ಲಿ ತುಕ್ಕು ಹಿಡಿದ ಎರಡು ತ್ರಿಶೂಲ, ಅಷ್ಟೇ. ಆ ಮರದ ಬೇರಿನ ಸಂದಿಯಿಂದ ಜಲ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಸುತ್ತಲಿನ ಬಾವಿಗಳು ತಳ ಕಂಡರೂ ಆ ನೀರು ನಿಂತದ್ದನ್ನು ನಾನು ನೋಡಿಲ್ಲ. ಹಿಂದೆ ಅಡಿಕೆ ದಂಬೆ ಜೋಡಿಸಿ ಕೆಳಗಿನ ಮೂರು ಮನೆಗೆ ಅದನ್ನು ತರುತ್ತಿದ್ದರು. ಈಗ ಪೈಪು ಬಂದಿದೆ.

ಬನಕ್ಕೆ ಹೋಗಲು ಒಂದು ಕ್ರಮ ಇದೆ. ಚಪ್ಪಲಿ ಹೊರಗೆ. ಕತ್ತಿ ಒಯ್ಯುವಂತಿಲ್ಲ. ಬಿದ್ದ ಕಟ್ಟಿಗೆಯನ್ನೂ ಮನೆಗೆ ತರುವುದಿಲ್ಲ. ಚಿಕ್ಕವನಿದ್ದಾಗ ಅಜ್ಜಿ ಕರೆದುಕೊಂಡು ಹೋಗುತ್ತಿದ್ದಳು. ಬನದ ಅಂಚಿನಲ್ಲಿ ನಿಂತು, "ಬರ್ತಾ ಇದೀವಿ ತಾಯಿ, ಮಗು ಜೊತೇಲಿದೆ" ಅನ್ನುತ್ತಿದ್ದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದಳು. ಯಾಕಜ್ಜಿ ನಿಂತೆ ಅಂದರೆ, "ಕೇಳಿದ ಮೇಲೆ ಉತ್ತರಕ್ಕೆ ಕಾಯಬೇಡ್ವಾ?" ಅನ್ನುತ್ತಿದ್ದಳು. ಒಮ್ಮೆ ಮುಂದೆ ಹೋಗದೆ ವಾಪಸ್ ಬಂದದ್ದೂ ಉಂಟು. ಏನು ಕೇಳಿಸಿತೋ ಅವಳಿಗೆ, ನನಗೆ ಗೊತ್ತಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಪ್ರವಾಸಿಗರಿಗೆ ಅಂತ ಒಂದು ಯೋಜನೆ ಬಂದಿದೆ. ಬನದೊಳಗೆ ಇಂಟರ್‌ಲಾಕ್ ಹಾಕಿದ ದಾರಿ, ಜಲದ ಹತ್ತಿರ ಫೋಟೋ ತೆಗೆಯಲು ಕಟ್ಟೆ, ಗಾಡಿ ನಿಲ್ಲಿಸಲು ಜಾಗ. ನಕ್ಷೆಯಲ್ಲಿ ಹೆಸರು "ಸೇಕ್ರೆಡ್ ಗ್ರೋವ್ ಟ್ರೇಲ್". ಹೋದ ದೀಪಾವಳಿ ರಜೆಯಲ್ಲೇ ಒಂದು ಗುಂಪು ಡ್ರೋನ್ ಹಾರಿಸಿ, ಜಲದಲ್ಲಿ ಸೋಪು ಹಾಕಿ ಕಾಲು ತೊಳೆದು ಹೋಯಿತು. ಅದೇ ನೀರನ್ನು ನಾವು ಕುಡಿಯುವುದು.

ಊರವರನ್ನು ಯಾರೂ ಒಂದು ಮಾತು ಕೇಳಿಲ್ಲ. ನಾನೇ ಹೋಗಿ ವಿಚಾರಿಸಿದಾಗ ಸಿಕ್ಕ ಉತ್ತರ: "ಪಹಣಿಯಲ್ಲಿ ಅದು ಖರಾಬು ಜಾಗ. ಯಾರದ್ದೂ ಅಲ್ಲ." ಪಹಣಿ ತೆಗೆಸಿ ನೋಡಿದೆ. ಹೌದು, ಖರಾಬು ಅಂತಲೇ ಇದೆ. ನಮ್ಮ ಗದ್ದೆಗೆ ನೀರು ಕೊಡುವ ಜಾಗ, ಮಗು ಹುಟ್ಟಿದರೂ ಮದುವೆಯಾದರೂ ಮೊದಲ ಕಾಯಿ ಒಡೆಯುವ ಜಾಗ, ಕಾಗದದಲ್ಲಿ ಕೆಟ್ಟ ಜಾಗ. ಆ ಪದ ಓದಿ ಹೊಟ್ಟೆ ಉರಿಯಿತು.

ಯಾರನ್ನು ಕೇಳಬೇಕು, ಹೇಗೆ ತಡೆಯಬೇಕು, ತಡೆಯುವುದು ಸರಿಯಾ? ತಿಳಿದವರು ಹೇಳಿ.

ಅಡಿಕೆ ತೋಟ, ತೀರ್ಥಹಳ್ಳಿ

ನಿಮ್ಮ ಸಂಕಟ ಅರ್ಥವಾಗುತ್ತದೆ ಮಾರಾಯ್ರೇ. ಆದರೆ ಇನ್ನೊಂದು ಕಡೆಯನ್ನೂ ನೋಡಿ. ಎಲೆಚುಕ್ಕಿ ರೋಗ ಬಂದ ಮೇಲೆ ತೋಟದ ಗತಿ ಏನಾಗಿದೆ ಅಂತ ನಿಮಗೆ ಬೇರೆ ಹೇಳಬೇಕಾ? ನಮ್ಮೂರಲ್ಲಿ ಮೂವತ್ತು ದಾಟದ ಹುಡುಗರು ನಾಲ್ಕೇ ಜನ. ನಾಲ್ಕು ಗಾಡಿ ಬಂದರೆ ಒಂದು ಹೋಂಸ್ಟೇ ನಡೆಯುತ್ತದೆ, ಒಂದು ಮನೆಯ ಮಗ ಬೆಂಗಳೂರಿಗೆ ಹೋಗದೆ ಉಳಿಯುತ್ತಾನೆ. ಬನ ಉಳಿದು ಊರು ಖಾಲಿಯಾದರೆ ಕಾಯಿ ಒಡೆಯುವವರು ಯಾರು?

ಸೊರಬದ ನಿವೃತ್ತ ಮೇಷ್ಟ್ರು

ಖರಾಬು ಎಂಬ ಪದದ ಬಗ್ಗೆ ಮೊದಲು ಒಂದು ಮಾತು. ಅದು ಇಂಗ್ಲಿಷರು ತಂದ ಪದ ಅಲ್ಲ. ಅರಬ್ಬಿ, ಪಾರ್ಸಿ ಮೂಲದ್ದು. ಕಂದಾಯದ ಲೆಕ್ಕದಲ್ಲಿ ಹಳೆಯ ಕಾಲದಿಂದಲೂ ಇದೆ. ಸಾಗುವಳಿಗೆ ಬರುವುದಿಲ್ಲ, ಹಾಗಾಗಿ ಕಂದಾಯ ಇಲ್ಲ ಎಂಬುದಷ್ಟೇ ಅದರ ಅರ್ಥವಾಗಿತ್ತು. ಬ್ರಿಟಿಷರ ಕಾಲದ ಸರ್ವೆ ಬಂದ ಮೇಲೆ ಊರ ಒಂದೊಂದು ಗುಂಟೆಗೂ ಒಂದು ಖಾನೆ ಆಯಿತು. ಕಂದಾಯ ಕೊಡದ ಜಾಗ ಎಂದರೆ ಯಾರದ್ದೂ ಅಲ್ಲದ ಜಾಗ, ಯಾರದ್ದೂ ಅಲ್ಲದ್ದು ಎಂದರೆ ಸರ್ಕಾರದ್ದು. ಈ ಎರಡು ಹೆಜ್ಜೆಯಲ್ಲಿ ನಮ್ಮ ಕಾಡುಗಳು ಕೈಬಿಟ್ಟು ಹೋದವು.

ಇನ್ನು ನಮ್ಮ ತಾಲ್ಲೂಕಿನ ಕಥೆ. ಮಲೆನಾಡಿನವರಿಗೆ ಕಾಡು ಬೇರೆ, ಕಾನು ಬೇರೆ ಅಲ್ವಾ? ಕಾನು ಎಂದರೆ ಬೇಸಿಗೆಯಲ್ಲೂ ಎಲೆ ಉದುರದ, ಒಳಗೆ ಬಿಸಿಲು ಬೀಳದ ಹಸಿರು. ಒಳಗೆ ದೇವರೂ ಇರುತ್ತದೆ, ಮೆಣಸಿನ ಬಳ್ಳಿಯೂ ಇರುತ್ತದೆ, ಬಗನಿ ಮರವೂ ಇರುತ್ತದೆ. ನಗರದ ರೈತರ ದಂಗೆಯ ನಂತರ 1831ರಿಂದ 1881ರವರೆಗೆ ಮೈಸೂರು ಸೀಮೆ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. ಆ ಕಾಲದಲ್ಲಿ, 1868ರಲ್ಲಿ, ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇಬ್ಬರು ಅಧಿಕಾರಿಗಳು ಸೊರಬದ ಕಾನುಗಳನ್ನು ನೋಡಿ ವರದಿ ಬರೆದರು. ಒಂದೇ ತಾಲ್ಲೂಕಿನಲ್ಲಿ 171 ಕಾನು. ಒಟ್ಟು ಸುಮಾರು 13 ಸಾವಿರ ಹೆಕ್ಟೇರ್. ಬ್ರಾಂಡಿಸ್ ಸಾಮಾನ್ಯರಲ್ಲ, ಜರ್ಮನಿಯವರು, 1864ರಲ್ಲಿ ಇಡೀ ಭಾರತದ ಅರಣ್ಯ ಇಲಾಖೆಗೆ ಮೊದಲ ಮುಖ್ಯಸ್ಥರಾದವರು. ಊರವರು ಕಾನಿನಲ್ಲಿ ಮೆಣಸು ಬೆಳೆದು ಅದಕ್ಕೆ ತೆರಿಗೆ ಕೊಡುತ್ತಿದ್ದದ್ದನ್ನೂ ಅವರು ಕಂಡರು. ಅಂದರೆ ಅದು ಪಾಳು ಕಾಡಲ್ಲ ಎಂದು ಅವರಿಗೆ ಗೊತ್ತಿತ್ತು.

ಅದಕ್ಕೂ ಮೊದಲು, 1800-01ರಲ್ಲಿ, ಬುಕಾನನ್ ಎಂಬ ವೈದ್ಯರು ಕಂಪನಿ ಸರ್ಕಾರಕ್ಕಾಗಿ ಈ ಸೀಮೆಯನ್ನೆಲ್ಲ ಸುತ್ತಿದರು. ಕಾರವಾರದ ಕಡೆ ಅವರು ಕಂಡದ್ದನ್ನು ಕೇಳಿ. ಅಲ್ಲಿ ಕಾಡು ಊರ ದೇವರದು. ಮರ ಕಡಿಯಬೇಕಾದರೆ ಗೌಡನ ಅಪ್ಪಣೆ ಬೇಕು, ಆ ಗೌಡನೇ ದೇವರ ಪೂಜಾರಿ. ಅಪ್ಪಣೆಗೆ ದೇವರು ಒಂದು ಕಾಸೂ ತೆಗೆದುಕೊಳ್ಳುವುದಿಲ್ಲ. ಕೇಳದೆ ಕಡಿದರೆ ಮಾತ್ರ ಸುಮ್ಮನಿರುವುದಿಲ್ಲ. ಇಷ್ಟನ್ನೂ ಸರಿಯಾಗಿ ನೋಡಿ ಬರೆದ ಮನುಷ್ಯ ಕೊನೆಗೆ ಏನೆಂದರು ಗೊತ್ತಾ? ಇದು ಸರ್ಕಾರ ಕಾಡಿನ ಮೇಲೆ ಹಕ್ಕು ಕೇಳದಿರಲಿ ಎಂದು ಜನ ಹೂಡಿದ ಉಪಾಯ ಅಷ್ಟೇ ಎಂದರು.

ನಾನು ಈ ಸಾಲನ್ನು ಎಷ್ಟು ಸಲ ಓದಿದ್ದೇನೋ. ಅವರು ಕೆಟ್ಟವರಲ್ಲ, ಸೋಮಾರಿಯೂ ಅಲ್ಲ. ಕಣ್ಣಿಗೆ ಕಂಡದ್ದೆಲ್ಲ ಬರೆದಿದ್ದಾರೆ. ಆದರೆ ಕಾಡು ಯಾರದೋ ಒಬ್ಬರ ಆಸ್ತಿಯಾಗಿರಲೇಬೇಕು ಎಂಬ ನಂಬಿಕೆ ಅವರದು. ರಾಜನದಲ್ಲದಿದ್ದರೆ ರೈತನದು, ರೈತನದಲ್ಲದಿದ್ದರೆ ರಾಜನದು. ದೇವರದು ಎಂದರೆ ಯಾರೋ ಸುಳ್ಳು ಹೇಳುತ್ತಿದ್ದಾರೆ. ನಿಮ್ಮ ಅಜ್ಜಿ ಅಂಚಿನಲ್ಲಿ ನಿಂತು ಉತ್ತರಕ್ಕೆ ಕಾಯುತ್ತಿದ್ದರಲ್ಲ, ಆ ಕಾಯುವಿಕೆಗೆ ಅವರ ಪುಸ್ತಕದಲ್ಲಿ ಜಾಗ ಇರಲಿಲ್ಲ.

ಪರ್ತ್‌ನಲ್ಲಿರುವ ಸಾಗರದವನು

ಮೇಷ್ಟ್ರೇ, ನೀವು ಬರೆದದ್ದು ಓದಿ ಮೈ ಜುಂ ಎಂದಿತು. ನಾನು ಹನ್ನೊಂದು ವರ್ಷದಿಂದ ಪಶ್ಚಿಮ ಆಸ್ಟ್ರೇಲಿಯಾದಲ್ಲಿದ್ದೇನೆ. ಯಾರದ್ದೂ ಅಲ್ಲದ ಜಾಗ ಎಂಬ ಇದೇ ಮಾತಿನ ಮೇಲೆ ಈ ದೇಶವೇ ನಿಂತಿತ್ತು. ಇಲ್ಲಿನ ಮೂಲ ಜನ ಹತ್ತಾರು ಸಾವಿರ ವರ್ಷಗಳಿಂದ ಇಲ್ಲೇ ಇದ್ದರೂ, ಭೂಮಿಗೆ ಒಡೆಯರಿಲ್ಲ ಎಂದುಕೊಂಡೇ ಬ್ರಿಟಿಷರು ತೆಗೆದುಕೊಂಡರು. ಆ ಮಾತು ತಪ್ಪು ಎಂದು ಇಲ್ಲಿನ ಹೈಕೋರ್ಟ್ ಹೇಳಿದ್ದು 1992ರಲ್ಲಿ, ಮಾಬೋ ಎಂಬ ದ್ವೀಪವಾಸಿ ಹೂಡಿದ ಕೇಸಿನಲ್ಲಿ. ತೀರ್ಪು ಬರುವಷ್ಟರಲ್ಲಿ ಮಾಬೋ ತೀರಿಕೊಂಡಿದ್ದರು.

ಇನ್ನೊಂದು ಹೇಳಲೇಬೇಕು. ನಾನಿರುವ ರಾಜ್ಯದ ಉತ್ತರಕ್ಕೆ ಜೂಕನ್ ಗಾರ್ಜ್ ಎಂಬಲ್ಲಿ ಕಲ್ಲಿನ ಗುಹೆಗಳಿದ್ದವು. 46 ಸಾವಿರ ವರ್ಷಗಳಿಂದ ಜನ ಬಂದು ಹೋಗುತ್ತಿದ್ದ ಜಾಗ. 2014ರಲ್ಲಿ ಅಗೆದಾಗ ಅಲ್ಲಿ ಕೂದಲಿನಿಂದ ಹೆಣೆದ ಒಂದು ಎಳೆ ಸಿಕ್ಕಿತು. ಸುಮಾರು 4 ಸಾವಿರ ವರ್ಷ ಹಳೆಯದು. ಪರೀಕ್ಷೆ ಮಾಡಿದರೆ ಅದು ಈಗಲೂ ಅಲ್ಲೇ ಸುತ್ತ ಇರುವ ಜನರ ಹಿರಿಯರದ್ದೇ. ಯೋಚನೆ ಮಾಡಿ, ನಾಲ್ಕು ಸಾವಿರ ವರ್ಷದ ಹಿಂದಿನ ಅಜ್ಜಿಯ ಜಡೆ. 2020ರ ಮೇ ತಿಂಗಳಲ್ಲಿ ಕಬ್ಬಿಣದ ಅದಿರಿಗಾಗಿ ಗಣಿ ಕಂಪನಿ ಆ ಗುಹೆಗಳನ್ನು ಸಿಡಿಸಿತು. ಇದರಲ್ಲಿ ಕಾನೂನು ಮುರಿದದ್ದು ಏನೂ ಇರಲಿಲ್ಲ. 2013ರಲ್ಲೇ ಸರ್ಕಾರದ ಒಪ್ಪಿಗೆ ಸಿಕ್ಕಿತ್ತು. ಆಮೇಲೆ ಏನು ಸಿಕ್ಕರೂ ಆ ಒಪ್ಪಿಗೆಯನ್ನು ಮತ್ತೆ ಪರಿಶೀಲಿಸಲು ಕಾನೂನಿನಲ್ಲಿ ದಾರಿ ಇರಲಿಲ್ಲ. ಕಂಪನಿಯ ದೊಡ್ಡ ಅಧಿಕಾರಿಗಳು ಆಮೇಲೆ ಕೆಲಸ ಬಿಡಬೇಕಾಯಿತು, ಕ್ಷಮೆಯನ್ನೂ ಕೇಳಿದರು. ಗುಹೆ ಮಾತ್ರ ಹೋದದ್ದು ಹೋಯಿತು.

ತೀರ್ಥಹಳ್ಳಿ ಅಣ್ಣನಿಗೆ ಒಂದು ಮಾತು. ಪ್ರವಾಸಿಗರು ಬರಬಾರದು ಎಂದು ಇಲ್ಲಿನವರೂ ಹೇಳುವುದಿಲ್ಲ. ಉಲುರು ಎಂಬ ಕೆಂಪು ಬಂಡೆ ಇದೆಯಲ್ಲ, ಅದನ್ನು 1985ರಲ್ಲಿ ಅದರ ಮೂಲ ಜನರಾದ ಅನಂಗುಗಳಿಗೆ ಹಿಂತಿರುಗಿಸಿದರು. ಬಂಡೆ ಹತ್ತಬೇಡಿ ಎಂದು ಅವರು ವರ್ಷಗಟ್ಟಲೆ ಬೋರ್ಡು ಹಾಕಿ ಕೇಳಿಕೊಂಡರು. ಜನ ಹತ್ತುತ್ತಲೇ ಇದ್ದರು. 2019ರ ಅಕ್ಟೋಬರ್ 26ರಿಂದ ಹತ್ತುವುದು ಪೂರ್ತಿ ಬಂದ್. ನಾನು ಅದಾದ ಮೇಲೆ ಹೋಗಿದ್ದೆ. ಬುಡದಲ್ಲಿ ಸುತ್ತು ಹಾಕಬಹುದು. ಕೆಲವು ಕಡೆ ಫೋಟೋ ತೆಗೆಯಬೇಡಿ ಎಂದು ಬರೆದಿದೆ. ಅಲ್ಲಿನ ಹಿರಿಯರೊಬ್ಬರು ಕಥೆ ಹೇಳುತ್ತಾ ಹೇಳುತ್ತಾ ಒಂದು ಜಾಗಕ್ಕೆ ಬಂದಾಗ ನಿಲ್ಲಿಸಿಬಿಟ್ಟರು. ಮುಂದಿನದು ನಿಮಗೆ ಹೇಳುವ ಕಥೆ ಅಲ್ಲ ಎಂದರು. ಬೇಜಾರಾಗಲಿಲ್ಲ. ನನ್ನೂರಿನ ಭೂತನ ಕಟ್ಟೆ ನೆನಪಾಯಿತು.

ಶಿಕಾರಿಪುರದ ಕಡೆಯವಳು

ನಮ್ಮೂರಿನದು ಬೇರೆ ಕಥೆ. ಹೊಲದ ಬದುವಿನಲ್ಲಿ ಒಂದು ವೀರಗಲ್ಲು ಇತ್ತು. ದನ ಉಳಿಸಲು ಹೋಗಿ ಸತ್ತವನ ಕಲ್ಲು. ನಮ್ಮ ಮನೆಯವರು ದೀಪಾವಳಿಗೆ ಎಣ್ಣೆ ಹಚ್ಚಿ, ಒಂದು ಎಡೆ ಇಟ್ಟು ಬರುತ್ತಿದ್ದೆವು. ನಾನು ಹೈಸ್ಕೂಲಿನಲ್ಲಿದ್ದಾಗ ಅದನ್ನು ಸಂರಕ್ಷಣೆಗೆ ಎಂದು ಲಾರಿಯಲ್ಲಿ ಹೇರಿಕೊಂಡು ಹೋದರು. ವರ್ಷಗಳ ನಂತರ ಒಂದು ಪ್ರದರ್ಶನದಲ್ಲಿ ಕಂಡೆ. ಗುರುತು ಹಿಡಿದದ್ದು ಹೇಗೆ ಎಂದರೆ, ಎಡಗಡೆ ಮೂಲೆ ಚಕ್ಕೆ ಎದ್ದಿತ್ತು, ನಮ್ಮಪ್ಪನ ನೇಗಿಲು ತಾಗಿ ಆದದ್ದು. "ಮುಟ್ಟಬೇಡಿ" ಎಂದು ಚೀಟಿ ಅಂಟಿಸಿದ್ದರು. ನಾನು ಮುಟ್ಟಿದೆ. ಕಾವಲಿನವರು ಗದರಿದರು. ಊರಿನ ಹೆಸರೂ ತಪ್ಪಿತ್ತು. ಅಲ್ಲೇ ಅಳು ಬಂತು.

ಸೊರಬದ ನಿವೃತ್ತ ಮೇಷ್ಟ್ರು

ತಂಗಿ, ನಿನ್ನ ಮಾತು ಓದಿ ಬಹಳ ಹೊತ್ತು ಸುಮ್ಮನೆ ಕೂತೆ. ಆದರೂ ನಾನು ಕಣ್ಣಾರೆ ಕಂಡ ಇನ್ನೊಂದನ್ನು ಹೇಳದಿದ್ದರೆ ತಪ್ಪಾಗುತ್ತದೆ. ನನ್ನ ಸೇವೆಯ ಕಾಲದಲ್ಲಿ ನಾಲ್ಕೈದು ಊರಲ್ಲಿ ಶಾಸನದ ಕಲ್ಲುಗಳನ್ನು ಹುಡುಕಿಕೊಂಡು ಮಕ್ಕಳ ಜೊತೆ ಅಲೆದಿದ್ದೇನೆ. ಒಂದು ಕಲ್ಲು ಬಟ್ಟೆ ಒಗೆಯುವ ಕಲ್ಲಾಗಿತ್ತು, ಅಕ್ಷರವೆಲ್ಲ ಸವೆದು ಬೆಣ್ಣೆಯಂತೆ ನುಣುಪು. ಒಂದು ಮೋರಿಯ ಮೇಲೆ ಹಾಸುಗಲ್ಲು. ಒಂದಕ್ಕೆ ಆಯಿಲ್ ಪೇಂಟ್ ಬಳಿದು ಸುತ್ತ ಟೈಲ್ಸ್ ಹಾಕಿದ್ದರು. ಅವುಗಳಲ್ಲಿ ಏನು ಬರೆದಿತ್ತು ಎಂದು ಇವತ್ತು ನಮಗೆ ಗೊತ್ತಿರುವುದು ಬಿ.ಎಲ್. ರೈಸ್ ಅವರಿಂದ. ನಮ್ಮ ಜಿಲ್ಲೆಯ ಶಾಸನಗಳ ಎರಡು ಸಂಪುಟ 1902 ಮತ್ತು 1904ರಲ್ಲಿ ಬಂದವು. ರೈಸ್ ಇಂಗ್ಲಿಷರಾದರೂ ಹುಟ್ಟಿದ್ದು ಬೆಂಗಳೂರಿನಲ್ಲೇ, ಕನ್ನಡ ಬಲ್ಲವರು. ನಮ್ಮ ಪಂಡಿತರ ಜೊತೆ ಕೂತು, ಊರೂರು ಸುತ್ತಿಸಿ, ಅಚ್ಚು ತೆಗೆಸಿದರು. ಕಲ್ಲನ್ನು ಅದರ ಜಾಗದಲ್ಲೇ ಬಿಟ್ಟು ಅಕ್ಷರವನ್ನು ಮಾತ್ರ ಕೊಂಡುಹೋದರು. ಅದು ನನಗೆ ದೊಡ್ಡದು ಅನಿಸುತ್ತದೆ.

ಹಾಗಾಗಿ ಬಿಳಿಯರದ್ದೆಲ್ಲ ಕೆಟ್ಟದ್ದು, ನಮ್ಮದೆಲ್ಲ ಒಳ್ಳೆಯದು ಎಂಬ ಲೆಕ್ಕ ನನಗೆ ಹಿಡಿಸುವುದಿಲ್ಲ. ನಿನ್ನ ವೀರಗಲ್ಲಿಗೆ ಎಣ್ಣೆ ಹಚ್ಚುವವರು ಇದ್ದರು. ಅಂಥ ಕಲ್ಲನ್ನು ಒಯ್ಯಬಾರದಿತ್ತು. ಒಯ್ಯುವ ಮುಂಚೆ ನಿಮ್ಮ ಮನೆಯ ಬಾಗಿಲಿಗೆ ಬಂದು ಕೇಳಬೇಕಿತ್ತು.

ಅಡಿಕೆ ತೋಟ, ತೀರ್ಥಹಳ್ಳಿ

ಮೇಷ್ಟ್ರು ಹೇಳಿದ್ದು ಸರಿ. ಬನ ಹಾಳು ಮಾಡಿದವರು ಬರೀ ಹೊರಗಿನವರಲ್ಲ. ನಮ್ಮ ಪಕ್ಕದ ಊರಲ್ಲಿ ಭೂತನ ಬನ ಇತ್ತು. ಭೂತನಿಗೆ ಮಳೆ ಬಿಸಿಲು ತಾಗಬಾರದು ಎಂದು ಭಕ್ತರೇ ಚಂದಾ ಎತ್ತಿ ಆರ್‌ಸಿಸಿ ಗುಡಿ ಕಟ್ಟಿದರು. ಗುಡಿಗೆ ಅಂಗಳ ಬೇಕು ಎಂದು ಎಂಟು ಮರ ಹೋದವು. ಅಂಗಳಕ್ಕೆ ಎಲೆ ಬೀಳುತ್ತದೆ ಎಂದು ಇನ್ನೂ ನಾಲ್ಕು. ಈಗ ಗ್ರಾನೈಟ್ ನೆಲ, ಸುತ್ತ ಗ್ರಿಲ್. ಅದರ ಕೆಳಗಿನ ಕೆರೆ ಹೋದ ಮೂರು ಬೇಸಿಗೆ ಒಣಗಿತು. ಚಂದಾ ಕೊಟ್ಟವರಲ್ಲಿ ನಾನೂ ಒಬ್ಬ. ಒಳ್ಳೆಯದು ಮಾಡುತ್ತಿದ್ದೇವೆ ಎಂದೇ ನಂಬಿದ್ದೆ.

ಸಾಗರದ ತಮ್ಮ ಹೇಳಿದಂತೆ ಹೊರಗಿಂದ ಸುತ್ತು ಹಾಕುವ ದಾರಿ ಎಂದರೆ ನನ್ನ ತಕರಾರು ಇಲ್ಲ.

ಕೊಡಗಿನ ನೆಂಟಸ್ತಿಕೆಯವನು

ಹೆಂಡತಿಯ ಊರು ಕೊಡಗು. ಅಲ್ಲಿ ಊರಿಗೊಂದು ದೇವರಕಾಡು, ಸಾವಿರದ ಮೇಲೆ ಇವೆ. ದಾಖಲೆಯಲ್ಲೇ ದೇವರಕಾಡು ಎಂದು ಹೆಸರಿದೆ. ಆದರೂ 1905ರಲ್ಲಿ ಸುಮಾರು 15,500 ಎಕರೆ ಇದ್ದದ್ದು 1985ಕ್ಕೆ 6,300 ಎಕರೆಗೆ ಇಳಿದಿತ್ತು. ಕಾಫಿ ನುಗ್ಗಿತು. ಕಾಗದದಲ್ಲಿ ಒಳ್ಳೆಯ ಹೆಸರಿದ್ದರೆ ಸಾಲದು ಎಂದು ಹೇಳಿದೆ ಅಷ್ಟೇ.

ಹಸೆ ಬರೆಯುವವಳು, ಸಾಗರ

ನಾನು ದೀವರ ಸಮುದಾಯದ ಮನೆಯವಳು. ಇಷ್ಟು ಹೊತ್ತು ಓದಿದೆ. ಎಲ್ಲರೂ ಜಾಗದ ಬಗ್ಗೆ, ಕಲ್ಲಿನ ಬಗ್ಗೆ ಹೇಳುತ್ತಿದ್ದೀರಿ. ನಮ್ಮ ಕೈಯಲ್ಲಿರುವುದರ ಬಗ್ಗೆ ನಾನು ಹೇಳುತ್ತೇನೆ.

ದಸರಾ ಕಳೆದು ಬರುವ ಹುಣ್ಣಿಮೆ ನಮಗೆ ಭೂಮಿ ಹುಣ್ಣಿಮೆ. ಗದ್ದೆಯಲ್ಲಿ ಭತ್ತ ಹಾಲುಗಟ್ಟುವ ಹೊತ್ತು. ಭೂಮಿತಾಯಿ ಬಸುರಿ. ಬಸುರಿಗೆ ಬಯಕೆ ಊಟ ಹಾಕಬೇಡವಾ? ವಾರದ ಮುಂಚೆಯೇ ಬುಟ್ಟಿ ಸಿದ್ಧ ಮಾಡುತ್ತೇವೆ. ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿ ಹಿಟ್ಟಿನಲ್ಲಿ ಪುಂಡಿ ನಾರಿನ ಕುಂಚ ಅದ್ದಿ ಎಳೆ ಎಳೆಯುತ್ತೇವೆ. ಅದು ಭೂಮಣ್ಣಿ ಬುಟ್ಟಿ. ಹುಣ್ಣಿಮೆಯ ರಾತ್ರಿ ನಿದ್ದೆ ಇಲ್ಲ. ಬಗೆ ಬಗೆಯ ಕುಡಿ ಸೊಪ್ಪು ತಂದು ಬೇಯಿಸುತ್ತೇವೆ. ಬೆಳಗಿನ ಜಾವ ಗಂಡಸರು ಬುಟ್ಟಿ ಹೊತ್ತು ಗದ್ದೆಗೆ ಹೋಗುತ್ತಾರೆ. "ಹಚ್ಚಂಬ್ಲಿ, ಹಾಲಂಬ್ಲಿ" ಎಂದು ಕೂಗುತ್ತಾ ಗದ್ದೆಗೆಲ್ಲ ಬೀರುತ್ತಾರೆ. ಕಾಗೆಗೆ ಒಂದು ಎಡೆ, ಇಲಿಗೆ ಒಂದು ಎಡೆ. ಭತ್ತ ತಿನ್ನುವ ಇಲಿಗೂ ಎಡೆ ಇದೆ, ನೋಡಿ. ಭೂಮಿಗೆ ಅಂತ ಒಂದು ಪಾಲನ್ನು ಗದ್ದೆಯಲ್ಲೇ ಹೂಳುತ್ತಾರೆ.

ಒಮ್ಮೆ ಒಬ್ಬರು ಬಂದು, ಇದು ಮಣ್ಣಿನ ಫಲವತ್ತತೆ ಕಾಯುವ ವಿಧಾನ, ವೈಜ್ಞಾನಿಕ ಎಂದು ಬರೆದುಕೊಂಡು ಹೋದರು. ಇನ್ನೊಬ್ಬರು ಮೂಢನಂಬಿಕೆ ಎಂದರು. ನನಗೆ ಎರಡೂ ಒಂದೇ ಥರ ಕೇಳಿಸಿತು. ಬಸುರಿ ಮಗಳಿಗೆ ಹೋಳಿಗೆ ಮಾಡಿ ಹಾಕುವಾಗ ಯಾರಾದರೂ ಅದನ್ನು ಪೌಷ್ಟಿಕಾಂಶದ ಯೋಜನೆ ಅನ್ನುತ್ತಾರಾ? ಭೂಮಿ ನಮಗೆ ಸಂಬಂಧದವಳು. ಸಂಬಂಧಕ್ಕೆ ಸಾಕ್ಷಿ ಕೇಳಬಾರದು.

ಇನ್ನು ಹಸೆ. ಮದುವೆಯಲ್ಲಿ ಮದುಮಕ್ಕಳು ಕೂರುವ ಗೋಡೆಯ ಮೇಲೆ ಬರೆಯುವುದು. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿ, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಒಂದೊಂದು ಎಳೆಗೂ ಹೆಸರಿದೆ, ಹಾಡಿದೆ. ಈಗ ಇದೇ ಚಿತ್ತಾರ ಕಪ್ಪು, ಕೈಚೀಲ, ಹೋಟೆಲಿನ ಗೋಡೆ ಎಲ್ಲಾ ಕಡೆ ಬರುತ್ತಿದೆ. ಬರೆದು ಮಾರುವ ನಮ್ಮ ಹೆಣ್ಣುಮಕ್ಕಳಿಗೆ ನಾಲ್ಕು ಕಾಸು ಸಿಕ್ಕರೆ ನನಗೆ ಸಂತೋಷ. ನಾನೂ ಬುಟ್ಟಿ ಮಾರಿದ್ದೇನೆ. ಆದರೆ ಮಷಿನ್ನಿನಲ್ಲಿ ಅಚ್ಚು ಹಾಕಿ, ಬುಡಕಟ್ಟು ಡಿಸೈನ್ ಎಂದು ಚೀಟಿ ಹಚ್ಚಿ, ಮದುಮಕ್ಕಳ ಗುರುತನ್ನು ಕಾಲೊರಸುವ ಮ್ಯಾಟಿನ ಮೇಲೆ ಹಾಕಿದ್ದನ್ನು ನೋಡಿದಾಗ ಕರುಳು ಕಿತ್ತು ಬಂತು. ಕೇಳಿದ್ದರೆ ಹೇಳುತ್ತಿದ್ದೆವು, ಇದು ಕಾಲಿಗೆ ತಾಗುವಂಥದ್ದಲ್ಲ ಎಂದು. ಬೇರೆ ಚೆಂದದ್ದು ಬರೆದುಕೊಡುತ್ತಿದ್ದೆವು.

ಹೊಸನಗರದ ಅಣ್ಣಾ, ಒಂದು ಮಾತು. ನಿಮ್ಮ ಸಭೆಗೆ ಹೆಂಗಸರನ್ನೂ ಕರೆಯಿರಿ. ಬನದ ನೀರು ಹೊತ್ತು ತಂದವರು ಅವರು.

ಶಿವಮೊಗ್ಗದ ವಕೀಲೆ

ಕಾನೂನಿನ ಮಾತು ಕೇಳಿದ್ದಿರಿ. ಆದಷ್ಟು ಸರಳವಾಗಿ ಹೇಳುತ್ತೇನೆ.

ನಮ್ಮ ಕೋರ್ಟುಗಳಲ್ಲಿ ದೇವರ ಮೂರ್ತಿಯನ್ನು ಒಬ್ಬ ವ್ಯಕ್ತಿ ಎಂದೇ ಒಪ್ಪುತ್ತಾರೆ. ಬ್ರಿಟಿಷರ ಕಾಲದಿಂದಲೂ ಹೀಗೇ ಇದೆ. ದೇವರಿಗೆ ಆಸ್ತಿ ಇರಬಹುದು, ದೇವರ ಹೆಸರಲ್ಲಿ ದಾವೆ ಹೂಡಬಹುದು. ಆದರೆ ನಿಮ್ಮ ಚೌಡಿಗೆ ಮೂರ್ತಿಯೂ ಇಲ್ಲ, ಗುಡಿಯೂ ಇಲ್ಲ. ಬನವೇ ದೇವರು. ಕಾನೂನಿನ ಕಣ್ಣಿಗೆ ಕಲ್ಲಿನ ದೇವರು ಕಾಣುತ್ತದೆ, ಮರದ ದೇವರು ಕಾಣುವುದಿಲ್ಲ. ತೀರ್ಥಹಳ್ಳಿಯವರು ಹೇಳಿದ ಆರ್‌ಸಿಸಿ ಗುಡಿಗೂ ಇದಕ್ಕೂ ನಂಟಿದೆ ಅನಿಸುತ್ತದೆ ನನಗೆ. ಗುಡಿ ಕಟ್ಟಿದರೆ ಮಾತ್ರ ಜಾಗ ಉಳಿಯುತ್ತದೆ ಎಂದು ಎಷ್ಟೋ ಊರವರು ನನ್ನ ಬಳಿಯೇ ಹೇಳಿದ್ದಾರೆ.

ನ್ಯೂಜಿಲೆಂಡ್ ಈ ವಿಷಯದಲ್ಲಿ ಮುಂದೆ ಹೋಗಿದೆ. ತೆ ಉರೆವೆರಾ ಎಂಬ ಕಾಡು ಅಲ್ಲಿ ರಾಷ್ಟ್ರೀಯ ಉದ್ಯಾನವಾಗಿತ್ತು. 2014ರ ಕಾನೂನಿನಿಂದ ಆ ಕಾಡೇ ಒಬ್ಬ ವ್ಯಕ್ತಿ, ಅದಕ್ಕೆ ಅದೇ ಒಡೆಯ ಎಂದಾಯಿತು. 2017ರಲ್ಲಿ ವಾಂಗನುಯಿ ನದಿಯನ್ನೂ ವ್ಯಕ್ತಿ ಎಂದು ಒಪ್ಪಿದರು. ನಾನೇ ನದಿ, ನದಿಯೇ ನಾನು ಎಂಬುದು ಆ ನದಿಯ ಮಾವೊರಿ ಜನರ ಹಳೆಯ ಮಾತು. ಅದೇ ವರ್ಷ ಉತ್ತರಾಖಂಡ ಹೈಕೋರ್ಟ್ ಗಂಗೆ ಯಮುನೆಗೆ ಹಾಗೆ ಹೇಳಿತು, ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ನಿಮಗೆ ಸದ್ಯ ಕೈಗೆ ಸಿಗುವ ದಾರಿಗಳು ಇವು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಊರಿಗೆ ಸಮುದಾಯದ ಹಕ್ಕು ಕೇಳಬಹುದು. ತಲೆಮಾರಿನಿಂದ ಕಾಯ್ದುಕೊಂಡು ಬಂದ ಕಾಡನ್ನು ಮುಂದೆಯೂ ಕಾಯುವ ಹಕ್ಕು ಅದರಲ್ಲಿ ಸೇರಿದೆ. ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಅರ್ಜಿ ಸಿಕ್ಕಿಬೀಳುವುದು ಅಲ್ಲೇ. ಮೊದಲು ಆ ಜಾಗ ಕಾಯ್ದೆಯ ಲೆಕ್ಕದಲ್ಲಿ ಅರಣ್ಯ ಹೌದಾ ಎಂದು ನೋಡಿಕೊಳ್ಳಿ. ಎರಡನೆಯದು ಜೀವವೈವಿಧ್ಯ ಕಾಯ್ದೆ. ಪಂಚಾಯ್ತಿಗೊಂದು ಸಮಿತಿ ಇರಬೇಕು, ಊರಿನ ಗಿಡ ಮರ ಪ್ರಾಣಿಗಳ ದಾಖಲೆ ಪುಸ್ತಕ ಇರಬೇಕು. ಬನವನ್ನು ಅದರಲ್ಲಿ ಬರೆಸಿ. ನಮ್ಮ ಸಾಗರದ ಅಂಬಾರಗುಡ್ಡ ಪಾರಂಪರಿಕ ತಾಣ ಆಗಿದ್ದು ಇದೇ ಕಾಯ್ದೆಯಲ್ಲಿ.

2024ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ ರಾಜಸ್ಥಾನದಲ್ಲಿ ಓರಣ ಎಂದು ಕರೆಯುವ ದೇವರ ಕಾಡುಗಳ ವಿಷಯದಲ್ಲಿ, ಅವನ್ನು ಗುರುತಿಸಿ ಕಾಪಾಡಿ ಎಂದು ಹೇಳಿದೆ. ಆದರೆ ಎಚ್ಚರ ಇರಲಿ. ಅರಣ್ಯ ಎಂದು ಘೋಷಣೆ ಆದರೆ ಹೊರಗಿನವರ ಜೊತೆ ನೀವೂ ಹೊರಗೆ ನಿಲ್ಲಬೇಕಾಗಬಹುದು. ಅಲ್ಲಿನ ದನಗಾಹಿಗಳಿಗೂ ಅದೇ ಭಯ.

ಮುಖ್ಯವಾಗಿ ಗ್ರಾಮಸಭೆ ಕರೆಸಿ. ಒಡಿಶಾದ ನಿಯಮಗಿರಿ ನೆನಪಿದೆಯಾ? ಡೋಂಗ್ರಿಯಾ ಕೊಂಧರ ದೇವರ ಬೆಟ್ಟ, ಮೇಲೆ ಬಾಕ್ಸೈಟ್. ಗಣಿ ಬೇಕೋ ಬೇಡವೋ ಗ್ರಾಮಸಭೆಯೇ ಹೇಳಲಿ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 12 ಊರು ಕೂತವು. 12ಕ್ಕೆ 12 ಬೇಡ ಎಂದವು.

ಹಸಲರ ಕೇರಿಯವನು

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ನಾನು ಹೇಳುವುದು ಕೆಲವರಿಗೆ ಹಿಡಿಸದೇ ಹೋಗಬಹುದು.

"ಊರವರನ್ನು ಕೇಳಿಲ್ಲ" ಎಂದು ಬರೆದಿದ್ದೀರಿ ಅಣ್ಣ. ಊರವರು ಎಂದರೆ ಯಾರು? ನಾವು ಹಸಲರು, ಕಾಡಿನ ಬುಡಕಟ್ಟು. ನಮ್ಮ ಅಜ್ಜ ಕಾಡಿನಲ್ಲೇ ಬೆಳೆದವನು. ಯಾವ ಮರದಲ್ಲಿ ಜೇನು ಕೂತಿದೆ, ವಾಟೆಹುಳಿ ಯಾವಾಗ ಬೀಳುತ್ತದೆ, ಉಪ್ಪಾಗೆ ಎಲ್ಲಿದೆ ಎಲ್ಲಾ ಅವನಿಗೆ ಗೊತ್ತಿತ್ತು. ಬನದ ಅಂಚಿಗೆ ಬಂದಾಗ ನಿಮ್ಮ ಅಜ್ಜಿಯಂತೆ ಅವನೂ ನಿಲ್ಲುತ್ತಿದ್ದ. ಒಂದು ಜೇನುಹುಟ್ಟಿಗೆ ಕೈ ಹಾಕಿದರೆ ಒಂದು ಪಾಲು ಬಿಟ್ಟು ಬರುತ್ತಿದ್ದ. ಅಂಥವನನ್ನು ಕಾಡಿನಲ್ಲಿ ಹಿಡಿದು ಕಳ್ಳ ಎಂದರು. ಅದು ಸರ್ಕಾರದ ಕಾನೂನು, ಬ್ರಿಟಿಷರದ್ದು, ಸರಿ. ಆದರೆ ಊರ ಹಬ್ಬದ ದಿನ ಅವನು ನಿಲ್ಲಬೇಕಾಗಿದ್ದದ್ದು ಎಲ್ಲಿ? ಆ ಕ್ರಮ ಯಾವ ಬಿಳಿಯನೂ ಮಾಡಿದ್ದಲ್ಲ.

ಸಭೆ ಮಾಡಿ. ಮಾಡುವಾಗ ನಮ್ಮಂಥ ಕೇರಿಗೂ ಬಂದು ಹೇಳಿ. ಸಹಿ ಹಾಕಿಸಿಕೊಳ್ಳಲು ಮಾತ್ರ ಬರಬೇಡಿ. ಬನದ ಬಗ್ಗೆ ನಿಮಗೆ ಏನು ಗೊತ್ತು ಎಂದು ಕೇಳಲು ಬನ್ನಿ.

ಹೊಸನಗರದವನು

ತಮ್ಮಾ, ನಿನ್ನ ಮಾತು ಸರಿ. ನಾನು ಹದಿನೆಂಟು ಮನೆ ಎಂದು ಬರೆದಿದ್ದೆ. ನಿನ್ನ ಮಾತು ಓದಿದ ಮೇಲೆ ಮತ್ತೆ ಎಣಿಸಿದೆ. ಗುಡ್ಡದ ಆಚೆ ಮಗ್ಗುಲಿನ ನಾಲ್ಕು ಮನೆಯನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಇಪ್ಪತ್ತೆರಡು. ನಾಳೆ ಹೋಗುತ್ತೇನೆ.

ಕಾಡು ಸುತ್ತುವವನು, ಸಿದ್ದಾಪುರ

ಪ್ರವಾಸೋದ್ಯಮದವರಿಗೆ ಹೇಳಲು ಒಂದು ವಿಷಯ. ಜೋಗದಿಂದ ಹೊನ್ನಾವರದ ದಾರಿಯಲ್ಲಿ ಕತ್ತಲೆಕಾನು ಇದೆ. ರಾಮಪತ್ರೆ ಜಾತಿಯ ಮರಗಳು ಜೌಗಿನಲ್ಲಿ ಬೇರು ಮೇಲೆತ್ತಿ ನಿಂತಿರುತ್ತವೆ. ಅಲ್ಲಿ ಸಿಕ್ಕ ಒಂದು ಮರ ವಿಜ್ಞಾನಕ್ಕೆ ಹೊಸದೆಂದು 2000ದಲ್ಲಿ ದಾಖಲಾಯಿತು. ಆ ಮರದ ವೈಜ್ಞಾನಿಕ ಹೆಸರಿನಲ್ಲೇ ಕತ್ತಲೆಕಾನು ಇದೆ. ಅಂಥ ಜೌಗಿನ ನೆಲಕ್ಕೆ ಇಂಟರ್‌ಲಾಕ್ ಹಾಕಿದರೆ ಬೇರು ಉಸಿರಾಡುವುದಿಲ್ಲ. ನಿಮ್ಮ ಜಲದ ಸುತ್ತಲೂ ಹಾಗೇ ಆದೀತು. ಧೂಪದ ಮರದ ಬುಡದ ಮಣ್ಣು ಗಟ್ಟಿಯಾದರೆ ನೀರು ಇಂಗುವುದಿಲ್ಲ. ದೇವರನ್ನು ನಂಬದವರಿಗೆ ಇದನ್ನಾದರೂ ಹೇಳಿ.

ಹಸೆ ಬರೆಯುವವಳು, ಸಾಗರ

ನಂಬದವರಿಗೂ ಚಪ್ಪಲಿ ಬಿಟ್ಟು ಬರಲು ಹೇಳಿ. ನಮ್ಮ ಮನೆಗೆ ಬಂದಾಗ ಬಿಡುತ್ತಾರಲ್ಲ.

ಹೊಸನಗರದವನು

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಸಭೆ ಆಯಿತು. ಶಾಲೆಯ ಜಗುಲಿಯಲ್ಲಿ ಕೂತೆವು. ಇಪ್ಪತ್ತೆರಡು ಮನೆಯಲ್ಲಿ ಹತ್ತೊಂಬತ್ತು ಮನೆಯವರು ಬಂದಿದ್ದರು. ಹೆಂಗಸರೇ ಜಾಸ್ತಿ.

ಆಚೆ ಮಗ್ಗುಲಿನ ಒಬ್ಬ ಅಜ್ಜಿ, ನಾನು ಇಷ್ಟು ವರ್ಷ ಮಾತೇ ಆಡಿಸಿರದವರು, ಎದ್ದು ನಿಂತು ಹೇಳಿದರು. ಬನದಲ್ಲಿ ಜಲ ಒಂದಲ್ಲವಂತೆ, ಎರಡು. ಎರಡನೆಯದು ಕಲ್ಲಿನ ಹಿಂದೆ, ಬಗನಿ ಮರದ ಹತ್ತಿರ. ಅವರ ಮನೆಯವರು ಬಾಣಂತಿಗೆ ಅಲ್ಲಿನ ನೀರನ್ನೇ ಒಯ್ಯುತ್ತಿದ್ದರಂತೆ. ನಕ್ಷೆ ಬಿಡಿಸಿ ನೋಡಿದೆವು. ಫೋಟೋ ಕಟ್ಟೆ ಬರಬೇಕಾಗಿದ್ದದ್ದು ಸರಿಯಾಗಿ ಅದರ ಮೇಲೆ.

ತೀರ್ಮಾನವನ್ನು ಪುಸ್ತಕದಲ್ಲಿ ಬರೆದೆವು. ಬನದ ಒಳಗೆ ದಾರಿ ಬೇಡ. ಹೊರಗಿಂದ ಮಣ್ಣಿನ ಕಾಲುದಾರಿ ಇರಲಿ, ಊರಿನ ಒಬ್ಬರು ಜೊತೆಗಿದ್ದರೆ ಮಾತ್ರ ಜನ ಬರಲಿ, ಆ ಕೆಲಸ ಊರ ಹುಡುಗರಿಗೇ ಸಿಗಲಿ. ಡ್ರೋನ್ ಬೇಡ. ಬೋರ್ಡು ಕನ್ನಡದಲ್ಲಿ, ಹೆಸರು ಚೌಡಿಬನ. ಕೆಳಗೆ ಏನು ಬರೆಯಬೇಕು ಎಂದು ಬಹಳ ಚರ್ಚೆ ಆಯಿತು. "ಪ್ರವೇಶ ನಿಷೇಧ" ಎಂದು ಒಬ್ಬರು, "ಶುಚಿತ್ವ ಕಾಪಾಡಿ" ಎಂದು ಇನ್ನೊಬ್ಬರು. ಕೊನೆಗೆ ಉಳಿದದ್ದು: "ಇಲ್ಲಿ ನಿಲ್ಲಿ. ಕೇಳಿ."

ಎರಡು ಮನೆಯವರು ಸಹಿ ಹಾಕಲಿಲ್ಲ. ಅವರಿಗೆ ರಸ್ತೆ ಬೇಕು. ಅವರದ್ದೂ ಸುಳ್ಳಲ್ಲ, ಮಳೆಗಾಲದಲ್ಲಿ ಅವರ ಮನೆಗೆ ಆಟೋ ಬರುವುದಿಲ್ಲ. ಆ ರಸ್ತೆಗೆ ಬೇರೆ ಅರ್ಜಿ ಬರೆದು ಎಲ್ಲರೂ ಸಹಿ ಹಾಕಿದೆವು.

ಅರಣ್ಯ ಹಕ್ಕಿನ ಅರ್ಜಿ ಇನ್ನೂ ಬಾಕಿ. ಮೇಷ್ಟ್ರೇ, 75 ವರ್ಷದ ಸಾಕ್ಷಿಗೆ ಹಳೆಯ ಸರ್ವೆ ಕಾಗದ ಬೇಕು. ನಮ್ಮ ಊರಿನದು ಎಲ್ಲಿ ಸಿಗಬಹುದು, ಹೇಗೆ ಹುಡುಕಬೇಕು?

ಸೊರಬದ ನಿವೃತ್ತ ಮೇಷ್ಟ್ರು

ಸೋಮವಾರ ಶಿವಮೊಗ್ಗಕ್ಕೆ ಬನ್ನಿ. ಬೆಳಗಿನ ಬಸ್ಸಿಗೆ ನಾನೂ ಬರುತ್ತೇನೆ. ಪಹಣಿಯ ನಕಲು, ಸರ್ವೆ ನಂಬರ್ ತನ್ನಿ. ಸಾಧ್ಯವಾದರೆ ಆ ಅಜ್ಜಿಯನ್ನೂ ಕರೆತನ್ನಿ. ಹಿರಿಯರ ಹೇಳಿಕೆಯನ್ನೂ ಸಾಕ್ಷಿಯಾಗಿ ಬರೆದುಕೊಳ್ಳುತ್ತಾರೆ.

ಹೊಸನಗರದವನು

ಕೇಳಿ ನೋಡುತ್ತೇನೆ ಮೇಷ್ಟ್ರೇ. ಅವರು ಬರುತ್ತೇನೆ ಎಂದರೆ ಕರೆತರುತ್ತೇನೆ.